ಮೀಸೆ ತಿಂದ ಹುಳ

ಹೊನವಾಡದಲ್ಲಿ ನನ್ನಂಥ ಮೀಸೆ ಇನ್ನೊಬ್ಬರಿಗಿಲ್ಲ, ಬೇಕಾದರೆ ಕೇಳಿ ನೋಡ್ರಿ. ಅಂಥ ಮೀಸೆಯ ಎಡಗಡೆ ಬಟಾಣಿಯಷ್ಟು ಜಾಗ ಬೋಳಾಯಿತು, ಅದೂ ಕನಮಡಿಗೆ ಹೆಣ್ಣು ನೋಡಲು ಹೋಗುವ ವಾರದಲ್ಲೇ. ಹುಳ ತಿಂದೈತಿ ಎಂದು ಅವ್ವ ಬೆಳ್ಳುಳ್ಳಿ ಜಜ್ಜಿ ತಿಕ್ಕಿದಳು. ಕೂದಲು ಬರಲಿಲ್ಲ, ಚರ್ಮ ಸುಟ್ಟು ಕೆಂಪಾಯಿತು.

ಕೂತಲ್ಲಿ ಕೂರಲಾಗದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ವಿಜಯಪುರದ ಚರ್ಮದ ಡಾಕ್ಟರಮ್ಮನ ಹತ್ತಿರ ಓಡಿದೆ.

"ಹುಳ ಯಾವುದೂ ಇಲ್ಲ ತಮ್ಮಾ. ನಿನ್ನ ಮೈ ಕಾಯೋ ಶಕ್ತಿನೇ ಕೂದಲನ್ನ ವೈರಿ ಅಂತ ತಿಳದೈತಿ," ಎಂದರು.

"ಅಂದ್ರ ನಮ್ಮ ಮನಿ ನಾಯಿ ನಮಗ ಕಡದಂಗಾತಲ್ರಿ! ರವಿವಾರದೊಳಗ ಬರ್ತಾವೇನ್ರಿ ಕೂದಲಾ?"

"ತಿಂಗಳಗಟ್ಟಲೆ ಬೇಕು. ಏನರ ಚಿಂತಿ ಮಾಡ್ತೀಯೇನು?"

"ನಾನ್ರೀ? ಊರಾಗ ನನ್ನ ನೋಡಿ ಮಂದಿ ಚಿಂತಿ ಮಾಡ್ತಾರ್ರಿ."

ಅವರು ಗಡಗಡ ಅಲ್ಲಾಡುತ್ತಿದ್ದ ನನ್ನ ಕಾಲು ನೋಡಿದರು. ಆಮೇಲೆ ಬೋಳು ಜಾಗಕ್ಕೇ ಸೂಜಿ ಚುಚ್ಚಿದರು. ನಾನು ಕೂಗಲಿಲ್ಲ, ಹೊರಗಿನವರಿಗೆ ಕೇಳಿದ್ದು ಬೇರೆ ಯಾರದೋ ದನಿ.

ರವಿವಾರ ಕನಮಡಿಯಲ್ಲಿ ಎಡಗೈಯಿಂದ ಮೀಸೆ ಮುಚ್ಚಿಕೊಂಡೇ ಕೂತೆ. ಹುಡುಗಿ ಚಹಾ ತಂದಳು. ಕಪ್ಪು-ಬಸಿ ಹಿಡಿಯಲು ಎರಡೂ ಕೈ ಚಾಚಿದಾಗ ನೋಡಿಯೇ ಬಿಟ್ಟಳು.

"ಬೆಳ್ಳುಳ್ಳಿ ಹಚ್ಚೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು. "ನನಗೂ ನೆತ್ತಿಗೆ ಹಚ್ಚಿದ್ರು. ಭಾಳ ಉರೀತೈತಿ."

ಅಲ್ಲಿಯವರೆಗೂ ಅಲ್ಲಾಡುತ್ತಿದ್ದ ನನ್ನ ಕಾಲು ಆಗ ನಿಂತಿತು. ಮದುವೆ ಗಟ್ಟಿಯಾಯಿತು. ಮೀಸೆಯೂ ಬಂತು, ಆ ಜಾಗದಲ್ಲಿ ಮಾತ್ರ ಬೆಳ್ಳಗೆ. ಮೊದಮೊದಲು ಹಾಗೆ ಬರುವುದುಂಟು ಎಂದು ಡಾಕ್ಟರಮ್ಮ ಹೇಳಿದ್ದರು. ಊರಲ್ಲಿ ಮಾತ್ರ ನಾನು ಇದು ವಿಜಯಪುರದಲ್ಲಿ ಬಣ್ಣ ಹಾಕಿಸಿದ್ದು, ಹೊಸ ಫ್ಯಾಷನ್ ಎಂದಿದ್ದೇನೆ. ಈಗ ಇಬ್ಬರು ಗೆಳೆಯರು ತಮಗೂ ಅಂಥದ್ದೇ ಬೇಕೆಂದು ಬೆನ್ನು ಹತ್ತಿದ್ದಾರೆ.