ಹಿಂದಿನ ಮೆಟ್ಟಿಲ ಕೆಂಪು ಮಣ್ಣು

ಬೆಳಗಿನ ಐದು ಇಪ್ಪತ್ತೈದು. ಡಿಪೋದಲ್ಲಿ ಮೂವತ್ತಾರು ಬಸ್ಸುಗಳು ಸಾಲಾಗಿ ನಿಂತಿವೆ. ಗುಡ್ಡದ ಬಡಾವಣೆಗೆ ಹೋಗುವ ಬಸ್ಸಿನೊಳಗೆ ಹೆಂಗಸೊಬ್ಬರು ಸೀಟಿನಡಿಯ ಕಸವನ್ನು ಮೊರಕ್ಕೆ ಎಳೆದುಕೊಂಡು, ಚೆಲ್ಲುವ ಮೊದಲು ದೀಪಕ್ಕೆ ಹಿಡಿದು ನೋಡುತ್ತಾರೆ. ಕಡಲೆಕಾಯಿ ಸಿಪ್ಪೆ, ನೀಲಿ ದಾರದ ತುಂಡು, ಪೆನ್ಸಿಲಿನ ಮೊನೆ. ‘ದರ್ಜಿ ನಿನ್ನೇನೂ ಬಂದಿದ್ದಾನೆ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮುಂದೆ ಸರಿಯುತ್ತಾರೆ. ಆ ದರ್ಜಿಯನ್ನು ಅವರು ಈವರೆಗೆ ಕಂಡಿಲ್ಲ.

ಡಿಪೋದಲ್ಲಿ ಎಲ್ಲರಿಗೂ ಇವರು ದೊಡ್ಡಕ್ಕ. ಬಸ್ಸು ಗುಡಿಸಿ ಒರೆಸುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ಮೊಣಕಾಲು ಮುರಿದುಕೊಂಡಾಗ, ಮೂರು ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಪೊರಕೆ ಹಿಡಿದರು. ಗಂಡ ಈಗ ಮನೆ ಮುಂದೆ ಸೈಕಲ್ ರಿಪೇರಿ ಮಾಡುತ್ತಾರೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ದೊಡ್ಡಕ್ಕ ನಾಲ್ಕಕ್ಕೆ ಬಂದು ಆರೂವರೆಯೊಳಗೆ ಹನ್ನೆರಡು ಬಸ್ಸು ಮುಗಿಸಬೇಕು. ಬಸ್ಸೊಂದಕ್ಕೆ ಹನ್ನೆರಡೂವರೆ ನಿಮಿಷ, ಅದರಲ್ಲೇ ಸೊಂಟ ಹಿಡಿದುಕೊಂಡು ನಿಲ್ಲುವುದೂ ಸೇರಿದೆ. ಫಿನಾಯಿಲ್ ನೀರಿಗೆ ಬೆರಳ ಸಂದಿಗಳು ಬಿರುಕು ಬಿಟ್ಟಿವೆ.

ಇಷ್ಟು ಹೇಳಿ ಅವರು ಧೂಳಿಲ್ಲದ ನನ್ನ ಬೂಟಿನತ್ತ ನೋಡಿ, ‘ನೀವು ಕಾರಲ್ಲಿ ಬಂದ್ರಿ ಅಲ್ವಾ?’ ಎಂದು ಕೇಳುತ್ತಾರೆ. ಬಸ್ಸಿನ ಬಗ್ಗೆ ಬರೆಯಲು ಕಾರಲ್ಲಿ ಬಂದ ನಾನು ಪೆಚ್ಚುಮೋರೆ ಹಾಕುತ್ತೇನೆ.

ಈ ಕಣ್ಣೇ ಕಳೆದ ವರ್ಷ ಒಂದು ಬಡಾವಣೆಯ ಬಸ್ಸನ್ನು ಉಳಿಸಿತು. ನಗರ ಸಾರಿಗೆಯನ್ನು ಸುಧಾರಿಸಲು ಸರ್ಕಾರ ನಲವತ್ತು ಹೊಸ ಬಸ್ಸುಗಳಿಗೆ ದುಡ್ಡು ಕೊಟ್ಟಿತ್ತು. ಯಾವ ರೂಟಿಗೆ ಎಷ್ಟು ಎಂದು ತೀರ್ಮಾನಿಸಲು ಹಳೆಯ ಬಸ್ಸುಗಳ ಮುಂದಿನ ಬಾಗಿಲಿಗೆ ಜನರನ್ನು ಎಣಿಸುವ ಯಂತ್ರ ಕೂರಿಸಿದರು. ಮುಂದೆ ಹತ್ತಿ ಹಿಂದೆ ಇಳಿಯಬೇಕೆಂಬುದು ನಿಯಮ ತಾನೇ? ತಿಂಗಳಾದ ಮೇಲೆ ವರದಿ ಬಂತು: ಗುಡ್ಡದ ಮೇಲೆ ಸಲಕ್ಕೆ ಇಬ್ಬರು ಹತ್ತುತ್ತಾರೆ, ಇನ್ನು ಬಸ್ಸನ್ನು ಬುಡದಲ್ಲೇ ತಿರುಗಿಸಬಹುದು. ಹಾಗಾದರೆ ಮೇಲಿನವರು ಎರಡು ಕಿಲೋಮೀಟರ್ ನಡೆದು ಇಳಿಯಬೇಕು, ದುಡಿದು ದಣಿದು ಮತ್ತೆ ಹತ್ತಬೇಕು. ಬಸ್ಸು ತುಂಬಿರುತ್ತದೆಂದು ಡ್ರೈವರ್ ಹೇಳಿದರೂ, ತನ್ನ ರೂಟು ಉಳಿಸಿಕೊಳ್ಳುವ ಆಸೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿನವರದೆಲ್ಲ ತಿಂಗಳ ಪಾಸು, ಹಾಗಾಗಿ ಟಿಕೆಟ್ಟಿನ ಸಾಕ್ಷಿಯೂ ಇರಲಿಲ್ಲ.

ಸುದ್ದಿ ಕೇಳಿದ ದೊಡ್ಡಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಊರಿಗೆಲ್ಲ ಕಾಂಕ್ರೀಟು, ಕೆಂಪು ಮಣ್ಣಿರುವುದು ಗುಡ್ಡದಲ್ಲಿ ಮಾತ್ರ. ಆ ಬಸ್ಸಿನ ಮುಂದಿನ ಮೆಟ್ಟಿಲು ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ, ಹಿಂದಿನದರಲ್ಲಿ ಮೊರದ ತುಂಬ ಕೆಂಪು ಮಣ್ಣು. ಅವರು ಒಂದು ವಾರ ಎರಡನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಕೂಡಿಟ್ಟರು. ಕೆಲಸ ಗುತ್ತಿಗೆಯದು, ಮೇಲಿನವರ ಲೆಕ್ಕಕ್ಕೆ ಮೂಗು ತೂರಿಸಿದರೆ ಇದ್ದದ್ದೂ ಹೋದೀತೆಂದು ಗಂಡ ಎಚ್ಚರಿಸಿದರು. ದೊಡ್ಡಕ್ಕನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲವಂತೆ. ಆದರೂ ಎಂಟನೆಯ ದಿನ ಡಬ್ಬಿಗಳು ಮ್ಯಾನೇಜರ್ ಮೇಜಿನ ಮೇಲೆ ಕುಳಿತವು.

‘ಇದು ಮುಂದಿನ ಬಾಗಿಲಿಂದು, ಇದು ಹಿಂದಿಂದು. ಇಬ್ಬರೇ ಹತ್ತೋದಾದ್ರೆ ಇಷ್ಟು ಮಣ್ಣು ಯಾರ ಕಾಲಿಗಂಟಿ ಬಂತು ಸಾರ್?’

ಮ್ಯಾನೇಜರ್ ಒಂದು ಡಬ್ಬಿ ಎತ್ತಿದರು, ಇನ್ನೊಂದು ಎತ್ತಿದರು. ಮರುದಿನ ಬೆಳಿಗ್ಗೆ ಐದು ನಲವತ್ತರ ಬಸ್ಸಿಗೆ ತಾವೇ ಹೋದರು. ಗುಡ್ಡದ ನಿಲ್ದಾಣ ತಿರುವಿನಲ್ಲಿದೆ. ಬಸ್ಸು ನಿಂತರೆ ಮುಂದಿನ ಬಾಗಿಲಿಗೆ ಎದುರಾಗುವುದು ಬಾಯ್ತೆರೆದ ಚರಂಡಿ! ಅದನ್ನು ಹಾರಬಲ್ಲ ಇಬ್ಬರು ಗಟ್ಟಿಗರು ಮುಂದೆ ಹತ್ತಿದರು, ಉಳಿದ ನಲವತ್ತೊಂದು ಜನ ಹಿಂದಿನಿಂದ. ಆಸ್ಪತ್ರೆಯ ಆಯಾಗಳು, ಗಿರಣಿಯವರು, ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡ ಒಬ್ಬ ದರ್ಜಿ.

ಈಗ ಗುಡ್ಡಕ್ಕೆ ಎರಡು ಹೊಸ ಬಸ್ಸುಗಳು ಓಡುತ್ತಿವೆ. ಎಣಿಸುವ ಯಂತ್ರ ಎರಡೂ ಬಾಗಿಲಿಗಿದೆ. ಚರಂಡಿಗೆ ಚಪ್ಪಡಿಯೂ ಬಿದ್ದಿದೆ, ಆದರೆ ಜನ ರೂಢಿ ಬಿಡದೆ ಹಿಂದಿನಿಂದಲೇ ಹತ್ತುತ್ತಾರೆ. ಡಿಪೋಗೆ ಬಸ್ಸು ತೊಳೆಯುವ ಯಂತ್ರವೂ ಬಂದಿದೆ. ಅದು ಬರೀ ಮೈ ತೊಳೆಯುವ ಶೋಕಿಗಾರ, ಒಳಗಿನದಕ್ಕೆ ಪೊರಕೆಯೇ ಗತಿ ಎಂದು ದೊಡ್ಡಕ್ಕ ನಗುತ್ತಾರೆ. ಅವರ ಗುತ್ತಿಗೆ ಮುಂದುವರಿದಿದೆ, ಕೇಳಿದ್ದಕ್ಕೆ ರಬ್ಬರ್ ಕೈಗವಸು ಸಿಕ್ಕಿದೆ. ಹೊಸ ಬಸ್ಸಿನ ರಿಬ್ಬನ್ ಕತ್ತರಿಸಲು ಕರೆದಾಗ ಮಾತ್ರ, ಆ ರಿಬ್ಬನ್ ಚೂರನ್ನೂ ಕೊನೆಗೆ ತಾನೇ ಗುಡಿಸಬೇಕಲ್ಲ ಎಂದು ಜಾರಿಕೊಂಡರಂತೆ.

ಹೊಸ ಬಸ್ಸನ್ನು ಜನ ಇಷ್ಟು ಗಲೀಜು ಮಾಡುತ್ತಾರಲ್ಲ, ಬೇಸರವಿಲ್ಲವೇ ಎಂದು ಕೇಳಿದೆ.

‘ಬೇಸರ ಯಾಕೆ? ಬಸ್ಸು ಕ್ಲೀನಾಗೇ ವಾಪಸ್ ಬಂದ್ರೆ ನಂಗೆ ಹೆದರಿಕೆ. ಯಾರೂ ಹತ್ತಿಲ್ಲ ಅಂತ ತಾನೇ ಅದರರ್ಥ?’

ಐದು ಮೂವತ್ತೆಂಟು. ಡ್ರೈವರ್ ಬಂದು ಕೂತಾಗಿದೆ. ದೊಡ್ಡಕ್ಕ ಹಿಂದಿನ ಮೆಟ್ಟಿಲನ್ನು ಕೊನೆಯ ಸಲ ಒರೆಸಿ ಕೆಳಗಿಳಿಯುತ್ತಾರೆ. ಮನೆ ಡಿಪೋದ ಬೆನ್ನಿಗೇ ಇರುವುದರಿಂದ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಗುಡ್ಡಕ್ಕೆ ಹೋಗಿಲ್ಲ. ರಜೆ ಸಿಕ್ಕ ದಿನ ಗಂಡನನ್ನೂ ಕರೆದುಕೊಂಡು ಹೋಗಿಬರುವ ಆಸೆಯಿದೆ. ಹಾಗಾದರೆ ಬರುವಾಗ ಚಪ್ಪಲಿ ಒರೆಸಿಕೊಂಡು ಹತ್ತುತ್ತೀರಾ ಎಂದು ಛೇಡಿಸಿದೆ.

‘ಇಲ್ಲಪ್ಪ, ಒರೆಸಲ್ಲ’ ಎನ್ನುತ್ತಾರೆ, ಹೊರಟ ಬಸ್ಸಿನಿಂದ ಕಣ್ಣು ಕೀಳದೆ. ‘ಮಾರನೇ ದಿನ ಗುಡಿಸೋವಾಗ ಮೊರದಲ್ಲಿ ನಂದೂ ಒಂದು ಚಿಟಿಕೆ ಇರ್ಲಿ.’