ಖಾಲಿ ಇದ್ದರೆ ಮಳೆಯಿಲ್ಲ

ರಾಮದುರ್ಗದಲ್ಲಿ ಅಕ್ಕನ ಹೊಸ ಮನೆಗೆ ಸ್ಲ್ಯಾಬ್ ಹಾಕುವ ದಿನ ನಾನು ಬೈಲಹೊಂಗಲದ ನನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ನನ್ನ ಕೆಲಸ ಬರವಣಿಗೆ, ಆದರೆ ಅದನ್ನು ಓದುವುದು ಮನುಷ್ಯರಲ್ಲ. ಒಂದು ಸಣ್ಣ ಕಂಪನಿ ಹವಾಮಾನದ ಮುನ್ಸೂಚನೆ ತಂದುಕೊಡುವ ಸಾಧನವೊಂದನ್ನು ಮಾಡಿತ್ತು. ಜನ ಮೊಬೈಲಿನಲ್ಲಿ ‘ನಾಳೆ ಮಳೆ ಇದೆಯಾ’ ಎಂದು ಕೇಳಿದರೆ, ಉತ್ತರ ಹೇಳುವ ಎಐ ಸಹಾಯಕ ಈ ಸಾಧನದಿಂದ ಅಂಕಿಗಳನ್ನು ತರಿಸಿಕೊಳ್ಳುತ್ತದೆ. ಊರಿನ ಹೆಸರನ್ನು ಹೇಗೆ ಕೊಡಬೇಕು, ಬಂದ ಅಂಕಿಗೆ ಏನರ್ಥ ಎಂದು ಆ ಸಹಾಯಕನಿಗೆ ತಿಳಿಸುವ ಕೈಪಿಡಿ ನನ್ನದು. ನಾನು ಬರೆದದ್ದನ್ನು ಅದು ಪ್ರಶ್ನಿಸುವುದಿಲ್ಲ. ಬರೆದಂತೆಯೇ ನಡೆದುಕೊಳ್ಳುತ್ತದೆ.

ಪರೀಕ್ಷೆಗೆಂದು ಅದನ್ನು ಅಕ್ಕನ ಮೊಬೈಲಿಗೂ ಹಾಕಿಕೊಟ್ಟಿದ್ದೆ. ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳು ಅವು. ಎರಡು ದಿನ ತಡೆದು ಸ್ಲ್ಯಾಬ್ ಹಾಕೋಣ ಎಂದು ಮನೆ ಕಟ್ಟುತ್ತಿದ್ದ ಗೌಂಡಿ ಚಾಚಾ ಹೇಳಿದ್ದರಂತೆ. ಅಕ್ಕ ಶಾಲೆಯ ಶಿಕ್ಷಕಿ, ರಜೆ ಮುಗಿಯುವುದರೊಳಗೆ ಕೆಲಸ ಆಗಬೇಕಿತ್ತು. ‘ನಾಳೆ ಮಧ್ಯಾಹ್ನ ಮಳೆಯಿಲ್ಲ’ ಎಂದು ಮೊಬೈಲ್ ಹೇಳಿದ್ದನ್ನು ತೋರಿಸಿ ಚಾಚಾನನ್ನು ಒಪ್ಪಿಸಿದ್ದಳು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೈಪಿಡಿಗೆ ಒಂದು ಉದಾಹರಣೆ ಬೇಕಾಗಿ, ಸುಮ್ಮನೆ ರಾಮದುರ್ಗದ ಮುನ್ಸೂಚನೆ ತರಿಸಿದೆ. ಮಧ್ಯಾಹ್ನ ಹನ್ನೆರಡರ ನಂತರ ಮಳೆಯ ಸಾಲು ಖಾಲಿ ಇತ್ತು. ಅದರ ಕೆಳಗೆ ಗಾಳಿಯ ಸಾಲೂ ಖಾಲಿ. ತಾಪಮಾನದ ಸಾಲೂ ಖಾಲಿ. ಮಳೆಯಿಲ್ಲದ ಮಧ್ಯಾಹ್ನ ಇರಬಹುದು, ಆದರೆ ತಾಪಮಾನವೇ ಇಲ್ಲದ ಮಧ್ಯಾಹ್ನ ಎಲ್ಲಿರುತ್ತದೆ? ಅಂಕಿಗಳೇ ಬಂದಿರಲಿಲ್ಲ.

ಕೈಪಿಡಿಯಲ್ಲಿ ನನ್ನದೇ ವಾಕ್ಯ ಕಣ್ಣಿಗೆ ಬಿತ್ತು: ‘ಖಾಲಿ ಇದ್ದರೆ ಮಳೆಯಿಲ್ಲ ಎಂದು ತಿಳಿಯಿರಿ.’ ಬೇಸಿಗೆಯ ಆರಂಭದಲ್ಲಿ ಬೈಲಹೊಂಗಲ, ಕಿತ್ತೂರುಗಳ ಹೆಸರು ಕೊಟ್ಟು ನೋಡಿದಾಗ ಮಳೆಯ ಸಾಲು ಖಾಲಿಯೇ ಬಂದಿತ್ತು, ಮಳೆಯೂ ಬಂದಿರಲಿಲ್ಲ. ಯಾರನ್ನೂ ಕೇಳದೆ ನಾನೇ ಅರ್ಥ ಮಾಡಿಕೊಂಡು ಬರೆದುಬಿಟ್ಟಿದ್ದೆ.

ಅಕ್ಕನಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನಮ್ಮ ಕಂಪೌಂಡ್ ಕಟ್ಟಿದವರೂ ಅದೇ ಚಾಚಾ ಆದ್ದರಿಂದ ಅವರ ನಂಬರ್ ಇತ್ತು. ಮಿಕ್ಸರ್ ಗದ್ದಲದ ನಡುವೆ ಅವರ ದನಿ ಕೇಳಿತು.

“ಚಾಚಾ, ಕಾಂಕ್ರೀಟ್ ಚಾಲೂ ಆತೇನ್ರಿ?”

“ಅರ್ಧಾ ಮುಗದೈತ್ರಿ ಅಕ್ಕಾರ. ಯಾಕ್ರಿ?”

“ಮಳಿ ಇಲ್ಲಂತ ಮೊಬೈಲ್ ಹೇಳಿತ್ತಲ್ರಿ, ಅದು ತಪ್ಪೈತಿ.”

“ಅಂದ್ರ ಮಳಿ ಬರ್ತೈತೇನ್ರಿ?”

“ಅದೂ ಗೊತ್ತಿಲ್ರಿ. ಅದರ ಕಡೆ ಮಾಹಿತಿನ ಇಲ್ಲ. ಮಾಹಿತಿ ಇಲ್ಲದ್ದಕ್ಕ ಮಳಿ ಇಲ್ಲ ಅಂತ ನಾನ ಬರದಿದ್ದೆ.”

ಮಿಕ್ಸರ್ ನಿಲ್ಲಿಸಲು ಚಾಚಾ ಆಳುಗಳಿಗೆ ಕೂಗಿದ್ದು ಕೇಳಿತು. ಆಮೇಲೆ, “ಗೊತ್ತಿಲ್ಲ ಅಂದ್ರ ಬರ್ತೈತಿ ಅಂತನ ತಿಳದು ಕೆಲಸ ಮಾಡಬೇಕ್ರಿ. ಫೋನ್ ಇಡ್ರಿ,” ಎಂದರು.

ವಾಕ್ಯವನ್ನು ಅಳಿಸಿ, ಕಂಪನಿಯ ಎಂಜಿನಿಯರರಿಗೆ ಬರೆದೆ. ಅವರ ಉತ್ತರ ತಕ್ಷಣ ಬಂತು: ‘ಬೇಸಿಗೆಯ ಆರಂಭದಲ್ಲಿ ಮಳೆಯ ಅಂಕಿಗಳನ್ನು ಇನ್ನೂ ಜೋಡಿಸಿಯೇ ಇರಲಿಲ್ಲ. ಖಾಲಿ ಎಂದರೆ ಮಳೆಯಿಲ್ಲ ಎಂದು ನಿಮಗೆ ಯಾರು ಹೇಳಿದರು?’

ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಮಾಳಿಗೆ ಹತ್ತಿ ನಿಂತೆ. ನಮ್ಮ ಊರಿನ ಮೇಲೆ ರಣಬಿಸಿಲು. ಮೂರರ ಹೊತ್ತಿಗೆ ಮೂಡಣದ ಅಂಚಿನಲ್ಲಿ, ರಾಮದುರ್ಗದ ದಿಕ್ಕಿಗೆ, ಮೋಡ ಕಪ್ಪಾಗುತ್ತಾ ಬಂತು. ಅದು ಸರಿದುಹೋಗಲಿ ಎಂದುಕೊಳ್ಳುತ್ತಾ ನೋಡುತ್ತಲೇ ಇದ್ದೆ. ಸರಿಯಲಿಲ್ಲ.

ನಾಲ್ಕೂವರೆಗೆ ಅಕ್ಕನ ಫೋನ್ ಬಂತು.

“ಮಳಿ ಹೊಡದ ಹೋತವಾ. ಚಾಚಾ ಕೆಲಸಾ ನಿಲ್ಲಿಸಿ, ಕಾಳಿನ ಅಡತಿ ಅಂಗಡಿಯಿಂದ ತಾಡಪತ್ರಿ ತರಿಸಿ ಹೊಚ್ಚಿದ್ರು. ಮೆಟ್ಟಲ ಕಡಿ ಮೂಲಿಗೆ ಅದು ಸಾಲಲಿಲ್ಲ. ಅಲ್ಲಿ ಸಿಮೆಂಟ್ ತೊಳಕೊಂಡ ಹೋಗಿ ಬರೇ ಖಡಿ ಕಲ್ಲ ಕಾಣಾಕತ್ತಾವು.”

“ನನ್ನ ತಪ್ಪ, ಅಕ್ಕಾ.”

“ಚಾಚಾ ಎಲ್ಲಾ ಹೇಳಿದ್ರು. ನಾ ಆ ಮಷೀನ್ ನಂಬಿದ್ದಿಲ್ಲ. ನೀ ಬರದೀ ಅಂತ ನಂಬಿದ್ದೆ,” ಎಂದು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಅವಳ ಮಾತು ಕಿವಿಯಲ್ಲಿತ್ತು. ನಾನು ಹೋದಾಗ ಚಾಚಾ ಆ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸಡಿಲಾದ ಕಾಂಕ್ರೀಟನ್ನು ಚಾಣದಿಂದ ಕೆತ್ತುತ್ತಿದ್ದರು. “ಇಷ್ಟ ಒಡದು ಹೊಸದಾಗಿ ಹಾಕಿದ್ರ ಆತ್ರಿ ಅಕ್ಕಾರ. ಉಳದದ್ದು ಗಟ್ಟಿ ಐತಿ,” ಎಂದರು. ಅಕ್ಕ ಚಹಾ ತಂದಿಟ್ಟಳು.

ನಾನು ಲ್ಯಾಪ್‌ಟಾಪ್ ತೆಗೆದು ಹೊಸದಾಗಿ ಬರೆದ ವಾಕ್ಯವನ್ನು ಅವಳಿಗೆ ಓದಿ ಹೇಳಿದೆ: ‘ಅಂಕಿ ಖಾಲಿ ಇದ್ದರೆ, ಮಾಹಿತಿ ಲಭ್ಯವಿಲ್ಲ ಎಂದು ತಿಳಿಸಿ.’

ಅಕ್ಕ ಮಕ್ಕಳ ಪಾಟಿಯ ಮೇಲಿನ ಬರಹ ನೋಡುವ ಹಾಗೆ ಬಗ್ಗಿ ನೋಡಿದಳು.

“ಲಭ್ಯ ಇಲ್ಲ ಅಂದ್ರ ಮಂದಿ ಮಳಿನ ಇಲ್ಲ ಅಂತ ತಿಳಕೋತಾರ. ಮಳಿ ಬರ್ತೈತೋ ಇಲ್ಲೋ ನನಗ ಗೊತ್ತಿಲ್ಲ ಅಂತ ನೆಟ್ಟಗ ಹೇಳಾಕ ಹೇಳು ಅದಕ್ಕ.”

ಹಾಗೆಯೇ ತಿದ್ದಿದೆ. ಕಂಪನಿಗೆ ಕಳಿಸುವ ಮೊದಲು ಅವಳು ಇನ್ನೊಮ್ಮೆ ಓದಿಸಿಕೊಂಡಳು.