ತುಂಬಿದ ಕೊಡ ಹಿಡಿದು ಎದುರು ಬಂದದ್ದು

ನನಗೆ ಕೀನ್ಯಾದವಳೊಬ್ಬಳು ಮೊಮ್ಮಗಳಿದ್ದಾಳೆ ಎಂದರೆ ಊರಿನವರು ನಗುತ್ತಾರೆ. ನಗಲಿ. ಅವಳೀಗ ಅಮೆರಿಕದಲ್ಲಿದ್ದಾಳೆ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಹೋದೀತು!

ಮಗ, ಸೊಸೆ ಇಬ್ಬರೂ ಮಲೇಷ್ಯಾದ ಮೆಲಾಕಾದಲ್ಲಿ ಡಾಕ್ಟರು, ನಾನೂ ಅವರ ಜೊತೆಗೇ. ಈ ಕೀನ್ಯಾದ ಹುಡುಗಿ ಮಗ ಪಾಠ ಮಾಡುವ ಕಾಲೇಜಿನವಳು. ಕೊರೋನಾ ಬಂದು ಹಾಸ್ಟೆಲ್ ಮುಚ್ಚಿತು, ವಿಮಾನವೂ ನಿಂತಿತು. ಮಗ ಅವಳನ್ನು ಮನೆಗೇ ಕರೆತಂದ. ನನಗೋ ಇಂಗ್ಲಿಷ್ ಬಾರದು, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಒಲೆಯ ಪಕ್ಕ ನಿಂತು ನೀರುದೋಸೆ ತಿನ್ನುತ್ತಾ ತಿನ್ನುತ್ತಾ ಅವಳಿಗೇ ಕನ್ನಡ ಬಂತು.

ಆಫ್ರಿಕಾದ ಮಕ್ಕಳನ್ನು ಅಮೆರಿಕಕ್ಕೆ ಕರೆಸಿ ಓದಿಸುವ ಸ್ಕಾಲರ್‌ಶಿಪ್ಪಿಗೆ ಅವಳು ಅರ್ಜಿ ಹಾಕಿದ್ದಳು. ಅದು ಸಿಗದಿದ್ದರೆ ಮುಂದಿನ ಓದು ಇಲ್ಲ. ಇಂಟರ್‌ವ್ಯೂ ಕಂಪ್ಯೂಟರಿನಲ್ಲಿ, ನಮಗೆ ಬೆಳಗ್ಗೆ, ಅವರಿಗೆ ಸಂಜೆಯಂತೆ. ಮಗ ಸೊಸೆ ಡ್ಯೂಟಿಗೆ ಹೋಗಿದ್ದರು. ನಾನು ಮೊಸರು ಸಕ್ಕರೆ ಕೊಟ್ಟೆ. ಒಳ್ಳೆ ಕೆಲಸಕ್ಕೆ ಹೊರಟವರ ಎದುರು ತುಂಬಿದ ಕೊಡ ಬರಬೇಕು ಎಂದು ಎಂದೋ ಹೇಳಿದ್ದೆ, ಅವಳು ಮರೆತಿರಲಿಲ್ಲ.

“ಅಜ್ಜಿ, ಕೊಡ ಎಲ್ಲಿ?”

“ಅಲ್ಲ ಮಾರಾಯ್ತಿ, ನೀನು ಹೊರಡೂದೆಲ್ಲಿಗೆ? ಹಾಲಿಂದ ರೂಮಿಗೆ! ಮತ್ತೆ, ಎದುರು ಬರ್ಬೇಕಾದ್ದು ಮುತ್ತೈದೆ. ನಾನು ಗಂಡ ಹೋದವಳು.”

“ಸೋ? ನಮ್ಮ ಅಜ್ಜಿಗೂ ಗಂಡ ಇಲ್ಲ. ಊರೆಲ್ಲ ಬಂದು ಅವ್ರ ಬ್ಲೆಸಿಂಗ್ ಕೇಳ್ತಾರೆ. ನೀವೇ ಬರ್ಬೇಕು ಲಾ!” ಮಲೇಷ್ಯಾದವರ ಆ ‘ಲಾ’ ಅವಳ ಬಾಯಿಗೂ ಹತ್ತಿತ್ತು.

ನಮ್ಮ ಯಜಮಾನರು ತೀರಿಕೊಂಡ ಮೇಲೆ, ಯಾರಾದರೂ ಹೊರಟರೆಂದರೆ ನಾನು ಅಡುಗೆಮನೆಯಲ್ಲೇ ಉಳಿಯುತ್ತಿದ್ದೆ. ಯಾರೂ ಹೇಳಿದ್ದಲ್ಲ, ಹಾಗೇ. ಆ ದಿನ ಏನು ಧೈರ್ಯವೋ! ಕೊಡ ತುಂಬಿಸಿಕೊಂಡು ಕಾರಿಡಾರಿಗೆ ಹೋಗಿ ಲಿಫ್ಟಿನ ಕಡೆಯಿಂದ ನಡೆದು ಬಂದೆ. ಅವಳು ಹೊಸಿಲು ದಾಟಿ ಬಂದು ನನ್ನ ಕಾಲು ಮುಟ್ಟಿದಳು.

ಹಿಂದೆ ಬಾಗಿಲು ಟಪ್ಪೆಂದಿತು. ತಾನಾಗಿಯೇ ಬೀಗ ಬೀಳುವ ಬಾಗಿಲು. ಕೀಲಿಕೈ ಒಳಗೆ, ಕಂಪ್ಯೂಟರೂ ಒಳಗೆ.

“ನೋಡಿದ್ಯಾ? ನಾನು ಮೊದ್ಲೇ ಹೇಳ್ಲಿಲ್ವಾ?” ಎಂದು ಅಳುತ್ತಾ ಬಾಗಿಲು ತಳ್ಳಿದೆ.

“ಅಜ್ಜಿ, ಅಳ್ಬೇಡಿ. ಫೋನ್ ಇದೆ, ಇದ್ರಲ್ಲೇ ಇಂಟರ್‌ವ್ಯೂ ಕೊಡ್ತೀನಿ.”

ಎದುರು ಮನೆಯ ತಮಿಳು ಆಂಟಿ ಮಾಸ್ಕ್ ಹಾಕಿಕೊಂಡೇ ಕುರ್ಚಿ ಹೊರಗೆ ತಳ್ಳಿ, ವೈಫೈ ಪಾಸ್‌ವರ್ಡ್ ಹೇಳಿ, “ಪಾಟ್ಟಿ, ಉಟ್ಕಾರುಂಗ” ಎಂದಳು. ನಾನು ಕೂರಲಿಲ್ಲ. ಕೊಡ ಕೆಳಗಿಟ್ಟರೆ ಇನ್ನೇನಾದೀತೋ ಎಂದು ಸೊಂಟದಲ್ಲೇ ಇಟ್ಟುಕೊಂಡು ಗೋಡೆಗೆ ಅಂಟಿ ನಿಂತೆ. ಮಧ್ಯದಲ್ಲಿ ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಒಳಗಿದ್ದವರೆಲ್ಲ ನಗುತ್ತಾ ಕೈ ಬೀಸಿದರು. ನಾನೂ ಬೀಸಲು ಹೋಗಿ ಅರ್ಧ ನೀರು ಚೆಲ್ಲಿದೆ.

“ಏನಂದ್ರು?” ಎಂದೆ, ಮುಗಿದ ಮೇಲೆ.

“ಹಿಂದೆ ಯಾರು ಅಂತ. ನಮ್ಮಜ್ಜಿ, ನನಗೆ ಒಳ್ಳೇದಾಗ್ಲಿ ಅಂತ ಎದುರು ಬಂದ್ರು, ಬಾಗ್ಲು ಹಾಕ್ಕೊಂಡ್ತು ಅಂದೆ.”

“ಥೂ, ಅದನ್ನೂ ಹೇಳಿದ್ಯಾ!”

ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಮಾತ್ರ ಅದೇ ಯೋಚನೆ. ಅವಳಿಗೆ ಸಿಗದೇ ಹೋದರೆ ಅದು ನನ್ನಿಂದಲೇ ಅಲ್ಲವೇ? ಕೆಲವು ವಾರಗಳ ಮೇಲೆ ಸೊಸೆ ಹುಡುಗಿಯ ಫೋನು ನೋಡಿ ಕಿರುಚಿದಳು. ಸಿಕ್ಕಿತ್ತು! ಹುಡುಗಿ ನನ್ನನ್ನು ಎತ್ತಿಕೊಂಡೇ ಕುಣಿದಳು. ನಾನು ಪಾಯಸ ಮಾಡಿ ಮೊದಲ ಲೋಟ ಎದುರು ಮನೆಗೆ ಕೊಟ್ಟೆ.

ವಿಮಾನ ಶುರುವಾಗಿ ಅವಳು ನಿಜವಾಗಿಯೂ ಹೊರಟ ದಿನ ನಾನು ಅಡುಗೆಮನೆಗೆ ಸರಿಯಲಿಲ್ಲ. ಸೊಸೆಯೇ ಕೊಡ ತುಂಬಿಸಿ, “ಅತ್ತೆ, ನೀವೇ ಹೋಗಿ” ಎಂದಳು. ಹೋದೆ. ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಲಿಫ್ಟಿನ ಕಡೆಯಿಂದ ಅವಳಿಗೆ ಎದುರಾಗಿ ಬಂದೆ.